ನಿಂತರೂ ಆರದ ದೀಪ

ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಗಡಿಯಾರದಕ್ಕ ಎಂದೇ ಕರೆಯುತ್ತಿದ್ದರು. ಅಂಚು ಬಿಚ್ಚಿದ ಹಾಸಿಗೆ ಬಟ್ಟೆ, ಗುಂಡಿ ಕಿತ್ತುಹೋದ ರೋಗಿಗಳ ಅಂಗಿ, ಯಾರೋ ಸಂಕಟದಲ್ಲಿ ಹಿಡಿದೆಳೆದು ಹರಿದ ಪರದೆ, ಎಲ್ಲವೂ ಅವಳ ಹೊಲಿಗೆ ಯಂತ್ರದ ಕೆಳಗೆ ಹಾದು ಸರಿಹೋಗಿ ಮತ್ತೆ ವಾರ್ಡು ಸೇರುತ್ತಿದ್ದವು. ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಮಧ್ಯಾಹ್ನದ ಗಂಟೆ ಹೊಡೆಯಿತೋ ಇಲ್ಲವೋ, ಸೂಜಿಯಿಂದ ದಾರ ತೆಗೆಯುವುದಕ್ಕೂ ನಿಲ್ಲದೆ ಸೈಕಲ್ ಹತ್ತಿಬಿಡುತ್ತಿದ್ದಳು. ಮನೆಗೆ ಹೋಗಿ ಗಂಡನಿಗೆ ಊಟ ಬಡಿಸಿ, ಮಾತ್ರೆ ನುಂಗಿಸಿ, ಅವನನ್ನು ಕುರ್ಚಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಕುರ್ಚಿಗೆ ಸಾಗಿಸಿ, ಮತ್ತೆ ಬಂದು ಯಂತ್ರದ ಮುಂದೆ ಕೂರುವಾಗ ಉಳಿದವರು ಇನ್ನೂ ಕೈ ತೊಳೆಯುತ್ತಿರುತ್ತಿದ್ದರು. ಸಂಜೆಯೂ ಅಷ್ಟೇ. "ಅಕ್ಕ ಎದ್ರು ಅಂದ್ರೆ ಗಂಟೆ ಹೊಡೀತು ಅಂತ್ಲೇ ಲೆಕ್ಕ" ಎಂದು ಇಸ್ತ್ರಿಯವನು ತಮಾಷೆ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು. ಗಡಿಯಾರಕ್ಕೆ ಕೀ ಕೊಡುವವರು ಬೇರೆ ಇದ್ದಾರೆ ಎಂದು ಹೇಳಿ ಅವನ ತಮಾಷೆ ಯಾಕೆ ಕೆಡಿಸಬೇಕು?

ಆದರೆ ಈ ಗಡಿಯಾರ ದಿನಕ್ಕೊಂದು ಸುಳ್ಳು ಹೇಳುತ್ತಿತ್ತು. ಸಣ್ಣ ಸುಳ್ಳು. ಬಯ್ಯುವ ಮೊದಲು ಪೂರ್ತಿ ಕೇಳಿ. ಸಂಜೆ ಪಾಳಿ ಮುಗಿದ ಮೇಲೆ ಬಟ್ಟೆ ಎಣಿಸಿ ಒಪ್ಪಿಸಿ ಬರಬೇಕು, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದು ಅವಳು ಗಂಡನನ್ನು ನಂಬಿಸಿದ್ದಳು. ಎಣಿಸುವ ಕೆಲಸ ಬೇರೆಯವರದು. ಆ ಸ್ವಲ್ಪ ಹೊತ್ತನ್ನು ಅವಳು ಕಳೆಯುತ್ತಿದ್ದದ್ದು ಕಾಲುವೆಯ ಪಕ್ಕದ ಹಳೇ ಪಂಪ್‌ಹೌಸಿನ ಮೋಟುಗೋಡೆಯ ಮೇಲೆ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಕಾಲು ಇಳಿಬಿಟ್ಟುಕೊಂಡು, ಬೇಕರಿಯಿಂದ ತಂದ ಒಂದು ಬನ್ ತಿನ್ನುತ್ತ ಕೂರುವುದು. ಅಷ್ಟೇ ಕಣ್ರೀ. ಯಾರನ್ನೂ ಕಾಯುತ್ತಿರಲಿಲ್ಲ, ಯಾರೂ ಬರುತ್ತಿರಲಿಲ್ಲ. ತೂಬಿನಿಂದ ನೀರು ಧುಮುಕುವ ಸದ್ದಿಗೆ ಪಕ್ಕದಲ್ಲಿ ನಿಂತು ಕರೆದರೂ ಕೇಳಿಸದು. ಇಡೀ ದಿನದಲ್ಲಿ ಅವಳನ್ನು ಯಾರೂ ಕರೆಯದ, ಯಾರಿಗೂ ಏನನ್ನೂ ಎತ್ತಿಕೊಡಬೇಕಿಲ್ಲದ ಜಾಗ ಅದೊಂದೇ. ಬನ್ ಮುಗಿದ ಮೇಲೆ ಮಡಿಲಿನ ಚೂರುಗಳನ್ನು ಕೊಡವಿ, ಮುಖದ ಮೇಲೆ ಮತ್ತೆ ಮನೆಯವಳ ಕಳೆ ತಂದುಕೊಂಡು ಹೊರಡುತ್ತಿದ್ದಳು.

ಹಾಗಂತ ಗಂಡನ ಬಗ್ಗೆ ಕೆಟ್ಟದಾಗಿ ಎಣಿಸಬೇಡಿ. ಅವನು ಒಳ್ಳೆಯವನೇ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬಯ್ದು ಹಗುರಾಗಬಹುದಿತ್ತು. ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಆಯುಸ್ಸು ಸವೆಸಿದವನು ಅವನು. ಎತ್ತರದ ಗಾಜಿನ ಕೋಣೆಯಲ್ಲಿ ಕೂತು, ಯಾವ ಗಾಡಿಗೆ ಹಸಿರು, ಯಾವುದಕ್ಕೆ ಕೆಂಪು ಎಂದು ಲಿವರ್ ಎಳೆದವನು. ಲಕ್ವ ಹೊಡೆದು ಎಡಗೈ, ಎಡಗಾಲು ಅವನ ಮಾತು ಕೇಳದಾದವು. ಬಾಯಿ ಚೆನ್ನಾಗಿತ್ತು, ಕಣ್ಣು ಇನ್ನೂ ಚೆನ್ನಾಗಿತ್ತು. ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ. ಕಿಟಕಿಯ ಪಕ್ಕ ಅವನ ಕುರ್ಚಿ. ಕೆಳಗೆ ತಗ್ಗಿನ ಬಯಲು, ಅದರಾಚೆ ಕಾಲುವೆ, ಕಾಲುವೆಯ ಗುಂಟ ಆಸ್ಪತ್ರೆಯ ಕಡೆಯಿಂದ ಓರೆಯಾಗಿ ಮನೆಯ ಕಡೆಗೇ ಬರುವ ರಸ್ತೆ. ಈಗ ಅದೇ ಅವನ ರೈಲು ದಾರಿ. ಯಾವ ಲಾರಿ ಯಾವ ಹೊತ್ತಿಗೆ ಹೋಯಿತು, ಹಾಲಿನ ವ್ಯಾನು ಇವತ್ತೇಕೆ ತಡ, ಎಲ್ಲದರ ವರದಿಯನ್ನೂ ಸಂಜೆ ಹೆಂಡತಿಗೆ ಒಪ್ಪಿಸುತ್ತಿದ್ದ.

"ರೀ, ಹಾಲಿನ ವ್ಯಾನು ತಡವಾದ್ರೆ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡ. ಗೊತ್ತಿರ್ಲಿ ಅಂತ ಹೇಳ್ದೆ."

ಆಮೇಲೆ ಶುರು. ಏನೇ, ನೀರು. ಏನೇ, ಕನ್ನಡಕ. ಏನೇ, ಕಾಲು ಜೋಮು ಹಿಡೀತು, ಸ್ವಲ್ಪ ಎತ್ತಿಡು. ಪ್ರತಿಯೊಂದೂ ನ್ಯಾಯವಾದ ಬೇಡಿಕೆಯೇ. ಒಂದನ್ನೂ ಇಲ್ಲ ಎನ್ನುವ ಹಾಗಿಲ್ಲ. ಅವಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೆ ಸಾಕು, "ಎಲ್ಲಿದ್ದೀಯ?" ಎಂಬ ದನಿ ಹಿಂದೆಯೇ ಬರುತ್ತಿತ್ತು. ಎರಡೇ ಕೋಣೆಯ ಮನೆಯಲ್ಲಿ ಎಲ್ಲಿರುತ್ತಾಳೆ ಪಾಪ?

ಅವಳ ಸೈಕಲ್ಲಿನಲ್ಲಿ ಹಳೇ ಡೈನಮೊ ದೀಪ ಇತ್ತು. ಕಂಡಿಲ್ಲದವರಿಗೆ ಹೇಳಿಬಿಡುತ್ತೇನೆ: ಚಕ್ರಕ್ಕೆ ಒತ್ತಿಕೊಂಡು ತಿರುಗುವ, ಔಷಧಿ ಸೀಸೆಯಷ್ಟಿರುವ ಒಂದು ಸಾಧನ. ಚಕ್ರ ತಿರುಗಿದರೆ ಮಾತ್ರ ದೀಪ ಉರಿಯುತ್ತದೆ, ನಿಂತರೆ ಆರುತ್ತದೆ. ಅವಳ ಪಾಳಿ ಮುಗಿಯುವಷ್ಟರಲ್ಲಿ ಕತ್ತಲು ಕವಿದಿರುತ್ತಿತ್ತು. ಆ ಮಂಕು ಹಳದಿ ಬೆಳಕು ಬಯಲು ದಾಟಿ ಕಿಟಕಿಯವರೆಗೆ ಬರುವಷ್ಟು ಗಟ್ಟಿಯಲ್ಲ. ಮನೆಯ ಹತ್ತಿರದ ಸೇತುವೆ ಏರಿದಾಗಲೇ ಗಂಡನಿಗೆ ಕಾಣುವುದು, ಆಗಲೇ ಅವನು "ಬಂದ್ಲು" ಎಂದುಕೊಳ್ಳುವುದು. ಅದಕ್ಕೂ ಮುಂಚೆ ಅವಳು ಎಲ್ಲಿ ನಿಂತಿದ್ದಳು ಎಂಬುದು ಕತ್ತಲಿಗೆ ಮಾತ್ರ ಗೊತ್ತು. ಕತ್ತಲು ಯಾರಿಗೂ ಚಾಡಿ ಹೇಳುತ್ತಿರಲಿಲ್ಲ.

ಹೀಗೇ ನಡೆದುಕೊಂಡು ಹೋಗಬಹುದಿತ್ತು. ಒಂದು ಮಟಮಟ ಮಧ್ಯಾಹ್ನ, ಗಂಡನ ಊಟಕ್ಕೆಂದು ಅವಸರದಲ್ಲಿ ಬರುತ್ತಿದ್ದವಳ ಮುಂದೆ, ಮೂರು ದಾರಿ ಸೇರುವಲ್ಲಿ, ಎದುರಿನಿಂದ ಬಂದ ಒಂದು ವ್ಯಾನು ಅಡ್ಡ ತಿರುಗಿತು. ವ್ಯಾನಿನ ಕನ್ನಡಿ ಅವಳ ಮೊಣಕೈಗೆ ಬಡಿದು, ಅವಳೂ ಸೈಕಲ್ಲೂ ಒಟ್ಟಿಗೇ ಪಕ್ಕದ ಬೇಲಿಗೆ ಹೋಗಿ ಬಿದ್ದರು. ಚಾಲಕ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ.

"ದೇವ್ರಾಣೆಗೂ ಕಾಣ್ಲೇ ಇಲ್ಲ ಅಕ್ಕ."

"ಇಷ್ಟು ದೊಡ್ಡ ಹೆಂಗಸು ಕಾಣ್ಲಿಲ್ವೇನಪ್ಪ? ಹಾಡಹಗಲಲ್ಲಿ?"

"ಮರದ ನೆರಳಲ್ಲಿ ಬರ್ತಿದ್ರಿ. ರಸ್ತೆ ಬಿಸಿಲಿಗೆ ನನ್ನ ಕಣ್ಣು ಕುಕ್ತಿತ್ತು. ನಿಜವಾಗ್ಲೂ ಕಾಣ್ಲಿಲ್ಲ." ಅವನು ಸೈಕಲ್ಲನ್ನು ಎತ್ತಿ ನಿಲ್ಲಿಸಲು ಹೋಗಿ ಎರಡು ಸಲ ಬೀಳಿಸಿದ. ಅವಳು ಇನ್ನೇನು ಹೇಳುವುದು, ಅವನಿಗೇ ಸಮಾಧಾನ ಹೇಳಿ ಕಳಿಸಿದಳು.

ಹರಿದ ತೋಳನ್ನು ಅವಳು ಕೂತಲ್ಲೇ ಹೊಲಿದು ಮುಚ್ಚಬಲ್ಲಳು. ಊದಿದ ಮೊಣಕೈಯನ್ನು ಮುಚ್ಚುವುದು ಹೇಗೆ? ತಟ್ಟೆ ಇಡುವಾಗಲೇ ಗಂಡ ಹಿಡಿದುಬಿಟ್ಟ. ಬಾಯಿ ಬಿಡಿಸಿದ. ಕೇಳಿದ ಮೇಲೆ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನಿನಗೆ ಹಗಲಲ್ಲೂ ದೀಪ ಬೇಕು" ಎಂದ.

"ಹಗಲಲ್ಲಿ ದೀಪ ಹಚ್ಕೊಂಡು ಹೋದ್ರೆ ಜನ ನನಗೆ ತಲೆ ಕೆಟ್ಟಿದೆ ಅಂತಾರೆ."

"ಅಂದ್ಕೊಳ್ಲಿ ಬಿಡು. ತಲೆ ಕೆಟ್ಟವಳು ಬಂದ್ಲು ಅಂತ ದಾರಿ ಬಿಡ್ತಾರಲ್ಲ, ಅಷ್ಟು ಸಾಕು. ರೈಲಿನ ಇಂಜಿನ್ನಿಗೆ ಹಗಲಲ್ಲೂ ದೀಪ ಉರೀತಿರ್ತದೆ ನೋಡು. ಡ್ರೈವರಿಗೆ ದಾರಿ ಕಾಣ್ಲಿ ಅಂತಲ್ಲ, ಜನಕ್ಕೆ ರೈಲು ಕಾಣ್ಲಿ ಅಂತ." ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು, "ರಾತ್ರಿಗೂ ಆ ಮಿಣಕು ಡೈನಮೊ ಬೇಡ. ನಿಂತ್ರೆ ಆರಿಹೋಗೋದು ಒಂದು ದೀಪನಾ? ಇನ್ನು ಮೇಲೆ ನೀನು ಎಲ್ಲಿದ್ರೂ ಕಾಣ್ಬೇಕು" ಎಂದ.

ಎಲ್ಲಿದ್ದರೂ ಕಾಣಬೇಕು. ಆ ಮಾತಿಗೆ ಅವಳ ಎದೆ ಧಸಕ್ಕೆಂದಿತು. ವ್ಯಾನು ಬಡಿದಾಗಲೂ ಹಾಗೆ ಆಗಿರಲಿಲ್ಲ.

ಸೈಕಲ್ ಅಂಗಡಿಯವನು ದಪ್ಪನೆಯ ಮನುಷ್ಯ, ಕನ್ನಡಕ ಸದಾ ಹಣೆಯ ಮೇಲೆ. ಗಂಡ ಆಗಲೇ ಫೋನಿನಲ್ಲಿ ಅವನ ತಲೆ ತಿಂದಿದ್ದ. ಅಂಗಡಿಯವನು ದೀಪಗಳನ್ನು ಗಲ್ಲಾದ ಮೇಲೆ ಸಾಲಾಗಿ ಇಟ್ಟು ಕಾಯುತ್ತಿದ್ದ. ಅವಳು ಎಲ್ಲವನ್ನೂ ಮುಟ್ಟಿ ನೋಡಿ, ದನಿ ತಗ್ಗಿಸಿ ಕೇಳಿದಳು:

"ನಿಂತ್ರೆ ಆರಿಹೋಗುತ್ತಲ್ಲ, ಆ ಥರದ್ದು ಹೊಸದು ಯಾವುದೂ ಇಲ್ವಾ?"

ಅವನು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಅವಳನ್ನು ನೋಡಿದ. "ಅಕ್ಕ, ಜನ ನಿಂತ್ರೂ ಆರದ ದೀಪ ಕೊಡಿ ಅಂತ ಕೇಳ್ಕೊಂಡು ಬರ್ತಾರೆ. ನೀವೇನು ಉಲ್ಟಾ ಕೇಳ್ತಿದ್ದೀರಿ? ದಾರಿ ಸೇರೋ ಜಾಗದಲ್ಲಿ ಕಾಯ್ಕೊಂಡು ನಿಂತಾಗ್ಲೇ ಹಿಂದಿನಿಂದ ಬಂದು ಗುದ್ದೋದು. ಆಗಲೇ ದೀಪ ಆರಿದ್ರೆ ಅದು ದೀಪ ಅಲ್ಲ, ಶತ್ರು."

ಅವನು ಒಂದು ಸಾಧಾರಣ ದೀಪವನ್ನೂ ಒಂದು ಪ್ರಖರವಾದದ್ದನ್ನೂ ಹಚ್ಚಿ ಅಂಗಡಿಯ ಮೆಟ್ಟಿಲ ಮೇಲಿಟ್ಟು, "ಓಣಿ ಕೊನೇವರೆಗೂ ಹೋಗಿ ತಿರುಗಿ ನೋಡಿ" ಎಂದ. ಹೋದಳು. ಉರಿ ಬಿಸಿಲು. ತಿರುಗಿದರೆ ಸಾಧಾರಣ ದೀಪ ಇರುವುದೇ ಸುಳ್ಳು ಎನ್ನುವ ಹಾಗೆ ಬಿಸಿಲಿನಲ್ಲಿ ಕರಗಿಹೋಗಿತ್ತು. ಇನ್ನೊಂದು ಮಾತ್ರ ಹೊತ್ತುಗೊತ್ತಿಲ್ಲದೆ, ತಾಳ ತಪ್ಪಿದವರ ಹಾಗೆ ಫಕ್ಕನೆ ಮಿಂಚಿ ಕಣ್ಣನ್ನು ಅತ್ತಲೇ ಎಳೆಯುತ್ತಿತ್ತು. ಬೇಡವೆಂದರೂ ನೋಡಲೇಬೇಕು. ಆ ವ್ಯಾನಿನವನ ಕಣ್ಣಿಗೆ ಇದು ಬಿದ್ದಿದ್ದರೆ ಅವಳು ಬೇಲಿಗೆ ಬೀಳುತ್ತಿರಲಿಲ್ಲ.

"ಹಗಲಿಗೆ ಹೀಗೆ ಮಿಣುಕ್ಬೇಕು" ಎಂದ ಅಂಗಡಿಯವನು. "ರಾತ್ರಿಗೆ ಮಾತ್ರ ನೆಟ್ಟಗೆ ಉರೀಲಿ. ಕತ್ತಲಲ್ಲಿ ಬರೀ ಮಿಣುಕೋದನ್ನ ನೋಡಿದ್ರೆ ಎಷ್ಟು ದೂರ ಇದ್ದೀರಿ ಅಂತ ಎದುರಿನವರಿಗೆ ಅಂದಾಜು ಸಿಗಲ್ಲ. ಮೂತಿ ಸ್ವಲ್ಪ ಕೆಳಗಿರ್ಲಿ, ಇನ್ನೊಬ್ಬರ ಕಣ್ಣು ಕುಕ್ಕಬಾರ್ದು. ಹಿಂದಕ್ಕೆ ಈ ಕೆಂಪು. ಇದು ಪಕ್ಕದಿಂದಲೂ ಕಾಣತ್ತೆ."

"ಎಷ್ಟು ದೂರಕ್ಕೆ ಕಾಣತ್ತೆ?"

"ಆಸ್ಪತ್ರೆ ತಿರುವಿನಲ್ಲಿ ಹಚ್ಚಿದ್ರೆ ನಿಮ್ಮ ಯಜಮಾನ್ರಿಗೆ ಕಿಟಕೀಲಿ ಕಾಣತ್ತೆ. ಅವರು ಅದನ್ನೇ ಮೂರು ಮೂರು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು" ಎಂದು ನಕ್ಕ.

ಅವಳಿಗೆ ಅಳು ಬಂದಂತಾಯಿತು. ಒಂದು ಕೈಯಲ್ಲಿ ಮಂಕು ದೀಪ, ಇನ್ನೊಂದರಲ್ಲಿ ಪ್ರಖರ ದೀಪ ಹಿಡಿದು ನಿಂತಳು. ಮಂಕಿನದು ತೆಗೆದುಕೊಂಡರೆ ಗೋಡೆ ಉಳಿಯುತ್ತದೆ, ತಾನು ಉಳಿಯುತ್ತೇನೋ ಇಲ್ಲವೋ. ತಾನು ಹೋದರೆ ಆ ಮನುಷ್ಯನಿಗೆ ಒಂದು ಲೋಟ ನೀರು ಕೊಡುವವರಿಲ್ಲ. ಮೊಣಕೈ ಇನ್ನೂ ಮಿಡಿಯುತ್ತಿತ್ತು. ಅದೇ ಕೈಯಿಂದ ಪ್ರಖರವಾದದ್ದನ್ನು ಮುಂದಕ್ಕೆ ತಳ್ಳಿ, "ಇದೇ ಕಟ್ಟಿ" ಎಂದಳು.

ಮೊದಲ ಸಂಜೆ ಮೆಟ್ಟಿಲು ಹತ್ತಿ ಬಂದಾಗ ಗಂಡನ ಮುಖ ನೋಡುವ ಹಾಗಿತ್ತು. ಲಕ್ವ ಹೊಡೆದ ಮೇಲೆ ಆ ಮುಖದಲ್ಲಿ ಅಂಥ ಬೆಳಕನ್ನು ಅವಳು ಕಂಡಿರಲಿಲ್ಲ.

"ತಿರುವಿನಿಂದ ಸೇತುವೆವರೆಗೂ ಕಂಡೆ ಕಣೇ. ಒಂದು ಕ್ಷಣನೂ ತಪ್ಪಲಿಲ್ಲ. ನಾನೇ ನಿನ್ನ ಜೊತೆ ಬಂದ ಹಾಗಾಯ್ತು."

ಅವಳು "ಹೂಂ, ಒಳ್ಳೇದಾಯ್ತು" ಎಂದು ಒಲೆ ಹಚ್ಚಲು ಹೋದಳು. ಅವತ್ತು ಮೋಟುಗೋಡೆಯ ಮುಂದೆ ನಿಲ್ಲದೆ ಬಂದಿದ್ದಳು. ಮರುದಿನವೂ, ಅದರ ಮರುದಿನವೂ. ಬೆಳಕು ಎಷ್ಟು ಚೆನ್ನಾಗಿತ್ತೆಂದರೆ ಗೋಡೆಯ ಪ್ರತಿಯೊಂದು ಕಲ್ಲೂ, ಸಂದಿಯಲ್ಲಿ ಬೆಳೆದ ಹುಲ್ಲೂ ಕಾಣುತ್ತಿತ್ತು. ಕಾಣುತ್ತಿತ್ತು, ಹಿಂದೆ ಹೋಗುತ್ತಿತ್ತು. ಲಾರಿಗಳು ಈಗ ದೂರದಿಂದಲೇ ಅವಳನ್ನು ಕಂಡು ಸರಿದು ಹೋಗುತ್ತಿದ್ದವು. ಹಗಲಿನಲ್ಲೂ ಅಷ್ಟೇ, ಮೂರು ದಾರಿ ಸೇರುವಲ್ಲಿ ವ್ಯಾನುಗಳು ನಿಂತು ಕಾಯುತ್ತಿದ್ದವು. ಅವಳ ಜೀವಕ್ಕೆ ಈಗ ಯಾವ ಭಯವೂ ಇರಲಿಲ್ಲ, ಜೀವದೊಳಗೆ ಮಾತ್ರ ಏನೋ ಬಿಗಿದುಕೊಂಡಿತು.

ಬೇರೆ ಜಾಗ ಹುಡುಕಲಿಲ್ಲವೇ ಎಂದರೆ ಹುಡುಕಿದಳು. ಆಸ್ಪತ್ರೆಯ ಗೇಟಿನ ಬೆಂಚು ಕಿಟಕಿಗೆ ಕಾಣುವುದಿಲ್ಲ. ಅಲ್ಲಿ ಕೂತು ಬನ್ನಿನ ಕಾಗದ ಬಿಚ್ಚುವಷ್ಟರಲ್ಲಿ, "ಅಕ್ಕ, ಹೆರಿಗೆ ವಾರ್ಡು ಯಾವ ಕಡೆ?" ಎಂದು ಒಬ್ಬರು, "ಅಕ್ಕ, ಸ್ವಲ್ಪ ಈ ಚೀಲ ನೋಡ್ಕೊಳ್ತೀರಾ?" ಎಂದು ಇನ್ನೊಬ್ಬರು, ಆಮೇಲೆ ಕಾವಲುಗಾರ, ತನ್ನ ಅಂಗಿಯ ಕಿತ್ತ ಗುಂಡಿ ಹಿಡಿದುಕೊಂಡು. ಅಲ್ಲೂ ಅವಳು ಅಕ್ಕನೇ. ಬನ್ ತರುವುದನ್ನೇ ಬಿಟ್ಟಳು.

ಕೆಲಸ ಕೆಡತೊಡಗಿತು. ಒಂದು ದಿನ ರೋಗಿಯ ಅಂಗಿಯ ಎರಡೂ ತೋಳುಗಳ ಬಾಯನ್ನು ಹೊಲಿದು ಮುಚ್ಚಿಬಿಟ್ಟಿದ್ದಳು. ಇಸ್ತ್ರಿಯವನು ಅದನ್ನು ಎತ್ತಿ ಹಿಡಿದು, "ಅಕ್ಕ, ಈ ಪುಣ್ಯಾತ್ಮ ಕೈ ಎಲ್ಲಿಂದ ಹೊರಗೆ ಹಾಕ್ಬೇಕು?" ಎಂದ. ಎಲ್ಲರೂ ನಕ್ಕರು. ಅವಳು ಅಂಗಿಯನ್ನು ಕಿತ್ತುಕೊಂಡು ಹೊಲಿಗೆ ಬಿಚ್ಚತೊಡಗಿದಳು. ಕಣ್ಣಿನಲ್ಲಿ ನೀರು ತುಂಬಿ ದಾರ ಕಾಣಿಸಲಿಲ್ಲ.

ಅವತ್ತು ಸಂಜೆ ಗಂಡ ಕೇಳಿದ್ದು ಇಷ್ಟೇ: "ಏನೇ, ಪಂಪ್‌ಹೌಸ್ ಹತ್ರ ಯಾಕೆ ನಿಧಾನ ಆದೆ?"

"ನಾಯಿ ಅಡ್ಡ ಬಂತು."

"ನಿನ್ನೆಯೂ ಅಲ್ಲೇ ನಿಧಾನ ಆಗಿದ್ದೆ."

"ನಾಯಿ ನಿನ್ನೆಯೂ ಇತ್ತು ರೀ."

ಆ ರಾತ್ರಿ ಹಾಸಿಗೆಯಲ್ಲಿ ಅವಳಿಗೆ ಉಸಿರು ಕಟ್ಟಿದ ಹಾಗಾಯಿತು. ನಿಧಾನ ಆಗುವುದಕ್ಕೂ ಇನ್ನು ಲೆಕ್ಕ ಕೊಡಬೇಕು.

ಮಾರನೆಯ ಸಂಜೆ ಅವಳು ಬನ್ ಕೊಂಡಳು. ಮೋಟುಗೋಡೆ ಬಂತು. ಬ್ರೇಕು ಹಿಡಿದಳು. ಮುಂದಿನ ದೀಪದ ಗುಂಡಿ ಒತ್ತಿ ಹಿಡಿದಳು, ಹಿಂದಿನದನ್ನೂ ಒತ್ತಿದಳು. ಕತ್ತಲು ಹಳೇ ಗೆಳತಿಯ ಹಾಗೆ ಬಂದು ಅಪ್ಪಿಕೊಂಡಿತು. ಅವಳು ಅಂದುಕೊಂಡದ್ದು ಇಷ್ಟೇ: ಹಿಂದೆಯೂ ದೀಪ ಆರುತ್ತಿತ್ತು, ಏನೂ ಆಗುತ್ತಿರಲಿಲ್ಲ, ಈಗಲೂ ಆರಿದೆ, ಏನಾಗುತ್ತದೆ? ಚಪ್ಪಲಿ ಬಿಟ್ಟು, ಕಾಲು ಇಳಿಬಿಟ್ಟು ಕೂತಳು. ನೀರಿನ ಸದ್ದು ಕಿವಿ ತುಂಬಿತು. ಸುಖ ಎಂದರೆ ಸುಖ. ಬುಟ್ಟಿಯ ಚೀಲದಲ್ಲಿದ್ದ ಫೋನು ಯಂತ್ರದ ಕೋಣೆಯ ನಿಯಮದಂತೆ ಬಾಯಿ ಮುಚ್ಚಿಕೊಂಡಿತ್ತು. ಅದು ಮೇಲಿಂದ ಮೇಲೆ ನಡುಗುತ್ತಿದ್ದದ್ದು ಅವಳಿಗೆ ತಿಳಿಯಲಿಲ್ಲ.

ಅವಳು ಮರೆತದ್ದು ಒಂದೇ ಮಾತು, ಅದೂ ಮದುವೆಯಾದಾಗಿನಿಂದ ಊಟದ ಹೊತ್ತಿನಲ್ಲಿ ಕೇಳಿ ಕೇಳಿ ಕಿವಿಯೊಳಗೇ ಇಳಿಯದೆ ಹೋದ ಮಾತು. ಸಿಗ್ನಲ್ಲಿನವರ ಲೆಕ್ಕದಲ್ಲಿ ಆರಿದ ದೀಪಕ್ಕೆ 'ಏನೂ ಇಲ್ಲ' ಎಂಬ ಅರ್ಥವಿಲ್ಲ. ಇರಬೇಕಾದ ಕಡೆ ದೀಪ ಇಲ್ಲದಿದ್ದರೆ ಅದನ್ನು ಕೆಂಪು ಎಂದೇ ತಿಳಿಯಬೇಕು. ಎಲ್ಲವನ್ನೂ ನಿಲ್ಲಿಸಬೇಕು. ಜನರನ್ನು ಓಡಿಸಬೇಕು. ಡೈನಮೊ ಕಾಲದಲ್ಲಿ ಅವನಿಗೆ ಅಲ್ಲಿ ದೀಪವೇ ಕಾಣುತ್ತಿರಲಿಲ್ಲ, ಅದಕ್ಕೇ ಆರಿದ್ದೂ ಕಾಣುತ್ತಿರಲಿಲ್ಲ. ಇವತ್ತು ಕಾಲುವೆಯ ಅಂಚಿನಲ್ಲಿ, ಅವನ ಕಣ್ಣೆದುರಿಗೇ, ಉರಿಯುತ್ತಿದ್ದ ದೀಪ ಆರಿತ್ತು.

ಬನ್ ಅರ್ಧ ಆಗಿತ್ತು. ಸ್ಕೂಟರಿನ ಬೆಳಕೊಂದು ಕಾಲುವೆಯ ಅಂಚನ್ನು ಹಿಡಿದು ತೆವಳಿದ ಹಾಗೆ ಬಂತು. ಸವಾರ ನೀರಿನೊಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದ. ಬೆಳಕು ಗೋಡೆಯ ಮೇಲೆ ಹರಿದು ಅವಳ ಮುಖದ ಮೇಲೆ ನಿಂತಿತು. ಕೆಳಮನೆಯ ಬೀಗದವನು. ಬೀಗ ರಿಪೇರಿ ಮಾಡಿಕೊಂಡು ಮನೆಮಂದಿಯ ಹಾಗೆಯೇ ಇದ್ದವನು.

"ಅಕ್ಕ... ನೀವು... ಬನ್ ತಿಂತಿದ್ದೀರಾ?"

ಬಾಯಿ ತುಂಬ ಬನ್. ಅವಳು ತಲೆಯಾಡಿಸಿದಳು.

"ಭಾವ ಫೋನ್ ಮಾಡಿ ಮಾಡಿ ಸಾಕಾಗಿ, ಅಕ್ಕ ಕಾಲುವೆಗೆ ಬಿದ್ಲು ಅಂತ ಕೂಗ್ಕೊಂಡ್ರು. ನಾನು ಉಟ್ಟ ಬಟ್ಟೇಲೇ ಓಡಿ ಬಂದೆ." ಅವನ ದನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು. "ಬೇಗ ಬನ್ನಿ. ನಾನು ಬರೋವಾಗ ಭಾವ ಬಾಗಿಲ ಹತ್ರ ಇದ್ರು."

ಅವಳು ಗೋಡೆಯಿಂದ ಹಾರಿ ಇಳಿದು ಸೈಕಲ್ ಹಿಡಿದಳು. ಬಾಗಿಲ ಹತ್ತಿರ ಹೇಗೆ ಬಂದ? ಯಾರು ಎತ್ತಿದರು?

ಯಾರೂ ಎತ್ತಿರಲಿಲ್ಲ. ಅವಳು ಬರುವಷ್ಟರಲ್ಲಿ ಅವನು ಬಾಗಿಲನ್ನೂ ದಾಟಿ, ಮೆಟ್ಟಿಲಿನ ಮೊದಲ ತಿರುವಿನಲ್ಲಿ ಗೋಡೆಗೆ ಒರಗಿ ಬಿದ್ದಿದ್ದ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಇಲ್ಲ. ಹಣೆ ಒಡೆದು ರಕ್ತ ಹುಬ್ಬಿಗೆ ಇಳಿದಿತ್ತು. ಬೀಗದವನ ಹೆಂಡತಿ ನೀರಿನ ಲೋಟ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಗಂಡ ಓಡಿ ಬಂದವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಬಂದ್ಯಾ" ಎಂದ. ಅಷ್ಟೇ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

ಎಲ್ಲರೂ ಸೇರಿ ಅವನನ್ನು ಮೇಲೆ ಸಾಗಿಸಿದರು. ಕೆಳಮನೆಯವರು ಹೋದ ಮೇಲೆ ಅವಳು ಹತ್ತಿ ಅದ್ದಿ ಹಣೆ ಒರೆಸತೊಡಗಿದಳು.

"ದೀಪ ಕೆಟ್ಟಿತ್ತಾ?" ಎಂದು ಅವನು ಕೇಳಿದ.

ನೋಡಿ, ಹೌದು ಎಂದರೆ ಮುಗಿಯುತ್ತಿತ್ತು. ಸುಳ್ಳನ್ನು ಅವನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದ. ಅವಳ ನಾಲಿಗೆ ಅದನ್ನು ಎತ್ತಿಕೊಳ್ಳಲು ಒಪ್ಪಲಿಲ್ಲ.

"ಕೆಟ್ಟಿರ್ಲಿಲ್ಲ. ನಾನೇ ಆರಿಸ್ದೆ."

"ಯಾಕೆ?"

"ಮನೆಗೆ ಬರೋಕೆ ಮನಸ್ಸಿರ್ಲಿಲ್ಲ."

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಹೊರಗೆ ಬಂತು. ಗೋಡೆ, ಬನ್, ಎಣಿಸುವ ಕೆಲಸದ ಸುಳ್ಳು, ನೀರಿನ ಸದ್ದು. "ನಿಮ್ಮ ಮೇಲೆ ಸಿಟ್ಟಲ್ಲ. ನೀವು ಕರೆಯೋದು ತಪ್ಪಲ್ಲ. ನೀವು ಇನ್ಯಾರನ್ನ ಕರೀತೀರಿ? ಆದ್ರೆ ಎಲ್ಲಾ ಕಡೆ ಯಾರೋ ಕರೀತಾನೇ ಇರ್ತಾರೆ. ನನಗೆ ಉಸಿರು ಕಟ್ಟುತ್ತೆ ರೀ. ಸ್ವಲ್ಪ ಹೊತ್ತು ನಾನು ಯಾರಿಗೂ ಏನೂ ಅಲ್ಲದೆ ಕೂತಿರ್ಬೇಕು ಅನ್ಸುತ್ತೆ. ನೀವು ಕುರ್ಚೀಲಿ ಕಟ್ಟಿಹಾಕಿದ ಹಾಗೆ ಕೂತಿರೋವಾಗ ಇದನ್ನ ಯಾವ ಬಾಯಲ್ಲಿ ಹೇಳ್ಲಿ?" ಅವಳು ಬಿಕ್ಕಿ ಅತ್ತಳು.

ಅವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ನಾನು ಕ್ಯಾಬಿನ್ನಿನಲ್ಲಿದ್ದಾಗ ಎಷ್ಟೋ ದಿನ ಗಾಡಿ ಲೇಟು ಅಂತ ತಡವಾಗಿ ಬರ್ತಿದ್ನಲ್ಲ" ಎಂದ.

"ಹೂಂ."

"ಎಲ್ಲಾ ದಿನಾನೂ ಗಾಡಿ ಲೇಟಾಗಿರ್ಲಿಲ್ಲ. ಪಾಳಿ ಬದಲಾದ ಮೇಲೆ ಕೆಳಗಿನ ಮೆಟ್ಟಿಲ ಮೇಲೆ ಸುಮ್ನೆ ಕೂತಿರ್ತಿದ್ದೆ."

ಅವಳ ಅಳು ಅರ್ಧಕ್ಕೇ ನಿಂತಿತು. ಪಿತ್ತ ನೆತ್ತಿಗೇರಿತು. "ನಾನಿಲ್ಲಿ ಸಾರು ಬಿಸಿ ಮಾಡಿ ಮಾಡಿ ತಳ ಹಿಡಿಸ್ತಿದ್ದೆ. ನೀವು ಪಾಪ, ನೀವು ಪಾಪ ಅಂತ ರೈಲ್ವೇನ ಬಯ್ತಿದ್ದೆ."

"ಅದಕ್ಕೇ ಈಗ ಹೇಳ್ತಿರೋದು."

ಅವಳು ಹತ್ತಿಯನ್ನು ಅವನ ಹಣೆಗೆ ಸ್ವಲ್ಪ ಜೋರಾಗಿಯೇ ಒತ್ತಿದಳು. ಅವನು ಹಾ ಎಂದ. ಅವಳಿಗೆ ನಗು ಬಂತು, ಅವನಿಗೂ ಬಂತು, ನಕ್ಕಿದ್ದಕ್ಕೆ ಅವನ ಗಾಯ ಮತ್ತೆ ಉರಿಯಿತು.

ಮಲಗುವ ಮೊದಲು ಅವನೇ ಒಂದು ದಾರಿ ಹೇಳಿದ. "ಕೂತ್ಕೋ. ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ. ಆದ್ರೆ ಆರಿಸ್ಬೇಡ. ನಿಂತಾಗ ಮಿಣುಕೋ ಹಾಗೆ ಮಾಡು. ಮಿಣುಕ್ತಿದ್ರೆ ನೀನಾಗೇ ನಿಂತಿದ್ದೀಯ ಅಂತ ತಿಳ್ಕೋತೀನಿ. ನೆಟ್ಟಗೆ ಉರಿದ್ರೆ ಬರ್ತಿದ್ದೀಯ ಅಂತ."

ಅವಳು ಒಪ್ಪಿದಳು. ಒಪ್ಪದೆ ಇನ್ನೇನು? ಒಳಗೊಳಗೇ ಮಾತ್ರ, ಇನ್ನು ನಾನು ಕೂರುವುದಕ್ಕೂ ಒಂದು ಸಿಗ್ನಲ್ ಬಂತಲ್ಲ ಎಂದುಕೊಂಡಳು.

ಹಣೆಯ ಗಾಯ ಒಣಗುವವರೆಗೆ ರಜೆ ಹಾಕಿ, ಮತ್ತೆ ಕೆಲಸಕ್ಕೆ ಹೋದ ಮೊದಲ ಸಂಜೆ ಅವಳು ಗೋಡೆಯ ಮುಂದೆ ನಿಂತಳು. ಗುಂಡಿ ಒತ್ತಿದಳು. ದೀಪ ಮಿಣುಕತೊಡಗಿತು. ಕತ್ತಲು ಹತ್ತಿರ ಬರಲಿಲ್ಲ. ಬಂದು, ಹೋಗಿ, ಬಂದು, ಹೋಗಿ ಆಟವಾಡಿಸಿತು. ಬನ್ನಿನ ಕಾಗದ ಬಿಚ್ಚಿ ಒಂದು ತುತ್ತು ಕಚ್ಚಿದಳು. ಕದ್ದು ತಿಂದ ಬನ್ನಿನ ರುಚಿ ಕೇಳಿ ಪಡೆದ ಬನ್ನಿಗೆ ಬರುತ್ತದೆಯೇ? ಬಯಲಿನಾಚೆ ಕಿಟಕಿಯ ಹಳದಿ ಚೌಕ ಅವಳನ್ನೇ ನೋಡುತ್ತಿತ್ತು. ಅವಳು ಬೆನ್ನು ತಿರುಗಿಸಿ ಕೂತಳು. ಬೆನ್ನಿಗೂ ಅದು ಕಾಣುತ್ತಿತ್ತು.

ತಡೆಯಲಾರದೆ ತಿರುಗಿದಾಗ ಆ ಚೌಕ ಒಂದು ಕಡೆಯಿಂದ ಕಿರಿದಾಗುತ್ತಿತ್ತು. ಒಂದು ಜಗ್ಗು, ನಿಂತಿತು. ಇನ್ನೊಂದು ಜಗ್ಗು, ನಿಂತಿತು. ಆಮೇಲೆ ಪೂರ್ತಿ ಮರೆಯಾಯಿತು. ಅವಳೇ ಹೊಲಿದ ಪರದೆ ಅದು. ಪರದೆಯ ಬಳೆಗಳು ಕಂಬಿಗೆ ಸಿಕ್ಕಿಹಾಕಿಕೊಳ್ಳುತ್ತವೆ, ಎರಡು ಕೈ ಇದ್ದವರಿಗೇ ಎಳೆಯುವುದು ಕಷ್ಟ. ಅವನು ಒಂದೇ ಕೈಯಲ್ಲಿ, ಕುರ್ಚಿಯಲ್ಲಿ ಕೂತೇ ಎಳೆದಿದ್ದ. ನಾನು ನೋಡುವುದಿಲ್ಲ, ನೀನು ಕೂತುಕೋ ಎಂದು ಹೇಳಿದ್ದ. ಇಷ್ಟು ವರ್ಷದಲ್ಲಿ ಅವನು ಕೊಟ್ಟ ಯಾವುದೂ ಅವಳಿಗೆ ಇಷ್ಟು ದೊಡ್ಡದು ಅನ್ನಿಸಿರಲಿಲ್ಲ.

ಸರಿ, ಈಗ ಕೂರಬೇಕು. ಯಾರೂ ನೋಡುತ್ತಿಲ್ಲ, ಯಾರೂ ಕರೆಯುತ್ತಿಲ್ಲ. ನೀರು ಧುಮುಕುತ್ತಿದೆ. ಅವಳು ನೀರಿನ ಕಡೆ ತಿರುಗಿದಳು. ಕಣ್ಣು ತಾನಾಗಿ ಮತ್ತೆ ಆ ಕಪ್ಪು ಜಾಗಕ್ಕೆ ಹೋಯಿತು. ಕೊನೆಯ ಜಗ್ಗಿಗೆ ಅವನು ಎಷ್ಟು ಬಗ್ಗಿರಬೇಕು? ಕುರ್ಚಿ ಜಾರಿತೇ? ಪರದೆ ಎಳೆದನೋ, ಬೀಳುವಾಗ ಪರದೆ ಹಿಡಿದನೋ?

ಬನ್ನನ್ನು ಬುಟ್ಟಿಗೆ ಎಸೆದು ಸೈಕಲ್ ಹತ್ತಿದಳು. ಗುಂಡಿ ಒತ್ತುವುದೂ ನೆನಪಾಗಲಿಲ್ಲ. ಆ ದಾರಿಯಲ್ಲೇ ಅತಿ ಪ್ರಖರವಾದ ದೀಪ ಕಟ್ಟಿಕೊಂಡು, ನೋಡುವವರೇ ಇಲ್ಲದ ರಸ್ತೆಯಲ್ಲಿ, ಜೀವ ಕೈಯಲ್ಲಿ ಹಿಡಿದು ತುಳಿದಳು. ಸೇತುವೆ ಹತ್ತಿದ್ದು, ಇಳಿದದ್ದು ಗೊತ್ತಾಗಲಿಲ್ಲ. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಾಗಿಲು ದೂಡಿದಳು.

ಅವನು ಕುರ್ಚಿಯಲ್ಲೇ ಇದ್ದ. ಬೆನ್ನು ಪರದೆಗೆ. ರೇಡಿಯೊ ಮೆಲ್ಲಗೆ ಹಾಡುತ್ತಿತ್ತು. ಕಾಲನ್ನು ಹೇಗೋ ಸ್ಟೂಲಿನ ಮೇಲೆ ತಾನೇ ಎತ್ತಿಟ್ಟುಕೊಂಡಿದ್ದ. ಕಣ್ಣು ಮುಚ್ಚಿತ್ತು. ಅವಳ ಏದುಸಿರಿಗೆ ತೆರೆಯಿತು.

"ಇಷ್ಟು ಬೇಗ ಬಂದ್ಬಿಟ್ಯಾ?"

ಆ ದನಿ ಅವಳಿಗೆ ಗುರುತಿತ್ತು. ಸಂಜೆ ಸಂಜೆ, ಮಡಿಲಿನ ಚೂರು ಕೊಡವಿ ಗೋಡೆಯಿಂದ ಇಳಿಯುವಾಗ ತನ್ನೊಳಗೆ ಕೇಳುತ್ತಿದ್ದ ದನಿ ಅದು.

"ಯಾಕೆ, ಏನಾದ್ರೂ ಬೇಕಿತ್ತಾ?"

"ಏನಿಲ್ಲ. ಕುರ್ಚಿಗೆ ಬಂದಾಗಿನಿಂದ ಇವತ್ತೇ ಮೊದಲು, ಯಾರ ದಾರೀನೂ ಕಾಯದೆ ಕೂತಿದ್ದೆ." ಅವನು ರೇಡಿಯೊ ಕಡೆ ನೋಡಿದ. "ಚೆನ್ನಾಗಿತ್ತು."

ಅವಳು ಬಾಗಿಲಲ್ಲೇ ನಿಂತಳು. ಒಳಗೆ ಹೋಗಿ ಒಲೆ ಹಚ್ಚುವುದೋ, ಅವನ ಕಾಲು ಸರಿಪಡಿಸುವುದೋ ತಿಳಿಯಲಿಲ್ಲ. ಕೊನೆಗೆ, "ನನ್ನ ಬನ್ ಇನ್ನೂ ಅರ್ಧ ಇದೆ" ಎಂದಳು.

"ಮುಗಿಸ್ಕೊಂಡು ಬಾ."

ಅವಳು ಹಿಂದಕ್ಕೆ ಸರಿದು ಬಾಗಿಲು ಹಾಕಿಕೊಂಡಳು. ಕೆಳಗೆ ಹೋಗಿ ಬುಟ್ಟಿಯಿಂದ ಬನ್ ತಂದು, ಬಾಗಿಲ ಮುಂದಿನ ಮೇಲಿನ ಮೆಟ್ಟಿಲಿನ ಮೇಲೆ ಕಾಲು ಇಳಿಬಿಟ್ಟು ಕೂತಳು. ಒಳಗೆ ರೇಡಿಯೊದ ದನಿ ಸ್ವಲ್ಪ ಏರಿತು. ಅವಳು ನಿಧಾನವಾಗಿ ಅಗಿಯತೊಡಗಿದಳು. ಕಿವಿ ಮಾತ್ರ ಬಾಗಿಲಿನ ಕಡೆಗೇ ಇತ್ತು.